ವ್ಯಾನಿನ ಫೀ ಕಟ್ಟುವವನು ನಾನೇ

ಹೋದ ಡಿಸೆಂಬರಿನಲ್ಲಿ ನಮ್ಮೂರ ಶಾಲೆಯಲ್ಲಿ ಗುರುವಂದನೆ ಇತ್ತು. ನಿಮ್ಮೂರಲ್ಲೂ ಆಗಿರುತ್ತೆ ಬಿಡಿ, ಈಗ ಎಲ್ಲಾ ಕಡೆ ಆಗ್ತಿದೆ. ಒಂದು ವಾಟ್ಸಾಪ್ ಗ್ರೂಪ್ ಹುಟ್ಟುತ್ತೆ, ಯಾರೋ ಹಳೇ ಫೋಟೋ ಹಾಕ್ತಾರೆ, ಅದರಲ್ಲಿ ಹರಿದ ಚಡ್ಡಿ ಹಾಕಿರೋನು ಯಾರು ಅಂತ ಎರಡು ದಿನ ಚರ್ಚೆ, ಮೂರನೇ ದಿನ 'ಶಾಲೆಗೆ ಏನಾದ್ರೂ ಮಾಡೋಣ ಕಣ್ರೋ' ಅನ್ನೋ ಮೆಸೇಜು. ನಾವೂ ಮಾಡಿದೆವು. ಶಾಮಿಯಾನ, ಫ್ಲೆಕ್ಸು, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಮಧ್ಯಾಹ್ನ ಹೋಳಿಗೆ ಊಟ. ನಿವೃತ್ತರಾದ ನಾಲ್ಕು ಜನ ಮೇಷ್ಟ್ರನ್ನ ಕರೆಸಿ, ಕಾಲಿಗೆ ಬಿದ್ದು, ಕಣ್ಣೊರೆಸಿಕೊಂಡಿದ್ದೂ ಆಯ್ತು. ನನ್ನ ಕಣ್ಣಲ್ಲೂ ನೀರು ಬಂತು. ಅದೇನು ನಾಟಕ ಅಲ್ಲ.

ಬಂದಿದ್ದ ಹಳೇ ವಿದ್ಯಾರ್ಥಿಗಳು 200ಕ್ಕೂ ಮೇಲೆ. ಬೆಂಗಳೂರಿನಿಂದಲೇ ಮೂರು ಟಿಟಿ ಮಾಡಿಕೊಂಡು ಹೋಗಿದ್ದೆವು. ಈಗ ಓದುತ್ತಿರೋ ಮಕ್ಕಳನ್ನ ಮುಂದುಗಡೆ ಜಮಖಾನದ ಮೇಲೆ ಕೂರಿಸಿದ್ದರು, ಚಪ್ಪಾಳೆ ತಟ್ಟೋಕೆ. ವೇದಿಕೆ ಮೇಲೆ ನಮ್ಮ ಸೀನಿಯರ್ ಒಬ್ಬರು, ಈಗ ಸೈಟು ವ್ಯಾಪಾರದಲ್ಲಿದ್ದಾರೆ, 'ನಾನು ಇವತ್ತು ಏನಾಗಿದ್ದೀನೋ ಅದಕ್ಕೆ ಈ ಶಾಲೆಯೇ ಕಾರಣ' ಅಂತ ಅರ್ಧ ಗಂಟೆ ಮಾತಾಡಿದರು. ಬೇಜಾರಾಗಿ ನಾನು ಜಮಖಾನದ ಮೇಲಿನ ತಲೆ ಎಣಿಸೋಕೆ ಶುರು ಮಾಡಿದೆ. 41. ಒಂದರಿಂದ ಏಳನೇ ಕ್ಲಾಸಿನವರೆಗೆ ಒಟ್ಟು 41. ಪಕ್ಕದಲ್ಲಿದ್ದ ಹೆಡ್ ಮೇಡಂ ಹತ್ರ 'ಇವತ್ತು ತುಂಬಾ ಜನ ಬಂದಿಲ್ವಾ ಮೇಡಂ?' ಅಂತ ಕೇಳಿದೆ. 'ಇಲ್ಲ ಸರ್, ಹೋಳಿಗೆ ಊಟ ಇದೆ ಅಂತ ಇವತ್ತು ಪೂರ್ತಿ ಹಾಜರಿ' ಅಂದರು.

1999ರಲ್ಲಿ ನಾನು ಏಳನೇ ಕ್ಲಾಸಲ್ಲಿದ್ದಾಗ ನಮ್ಮ ಒಂದು ಕ್ಲಾಸಲ್ಲೇ 34 ಜನ ಇದ್ದೆವು.

ಗ್ರೂಪಿನಿಂದ ದುಡ್ಡು ಎತ್ತಿದ್ದೆವಲ್ಲ, ಅದರಲ್ಲಿ ಗೋಡೆಗೆ ರೈಲು ಬೋಗಿ ಥರ ನೀಲಿ ಬಣ್ಣ ಬಳಿಸಿ ಒಂದು ಸ್ಮಾರ್ಟ್ ಟೀವಿ ಕೊಟ್ಟೆವು. ರೈಲು ಚೆನ್ನಾಗಿ ಬಂದಿದೆ, ಫೋಟೋಗೆ ಇನ್ನೂ ಚೆನ್ನಾಗಿ ಬರುತ್ತೆ. ಎಲ್ಲ ಮುಗಿದು ಶಾಮಿಯಾನ ಬಿಚ್ಚೋ ಹೊತ್ತಿಗೆ ಹೆಡ್ ಮೇಡಂ ನನ್ನನ್ನ ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದರು. 'ಬಣ್ಣ ಬೇಡ ಅಂತ ಹೇಳಲ್ಲ ಸರ್. ಆದ್ರೆ ಈ ಊರಲ್ಲಿ ಬೆಳಗ್ಗೆ ವ್ಯಾನ್ ಹತ್ತೋ ಮಕ್ಕಳು 50ರ ಮೇಲಿದಾರೆ. ಅದರಲ್ಲಿ ನಾಲ್ಕು ಜನನ್ನ ನಮಗೆ ಕೊಡ್ಸಿ. ನಿಮ್ಮಣ್ಣನ ಮಗನೂ ಅದರಲ್ಲೇ ಇದ್ದಾನಲ್ಲ.'

ನನಗೆ ಮುಖಕ್ಕೆ ಹೊಡೆದ ಹಾಗಾಯ್ತು. ಯಾಕೆ ಅಂತ ಮುಂದೆ ಹೇಳ್ತೀನಿ. ಮೊದಲು ಆಕೆ ಟೀವಿ ಕೇಳದೆ ಮಕ್ಕಳನ್ನ ಯಾಕೆ ಕೇಳಿದರು ಅನ್ನೋದನ್ನ ನೋಡೋಣ. ಟೆಕ್ ಪಾರ್ಕಿನ ಫುಡ್ ಕೋರ್ಟಲ್ಲಿ ಕೂತು 'ಕನ್ನಡ ಶಾಲೆ ಮುಚ್ತಾ ಇದಾರೆ ಮಚ್ಚಾ' ಅನ್ನೋ ನಮ್ಮಲ್ಲಿ ಈ ಲೆಕ್ಕ ಗೊತ್ತಿರೋರು ಕಮ್ಮಿ.

ಸರ್ಕಾರಿ ಶಾಲೆಯಲ್ಲಿ ಎಷ್ಟು ಜನ ಮೇಷ್ಟ್ರು ಇರಬೇಕು ಅನ್ನೋದು ಮಕ್ಕಳ ತಲೆ ಎಣಿಕೆ ಮೇಲೆ ನಿಂತಿದೆ. ಎಣಿಕೆ ಇಳಿದರೆ ಒಬ್ಬ ಶಿಕ್ಷಕರು 'ಹೆಚ್ಚುವರಿ' ಆಗ್ತಾರೆ. ಹೆಚ್ಚುವರಿ ಆದವರನ್ನ ಕೌನ್ಸೆಲಿಂಗ್ ಮಾಡಿ ಬೇರೆ ಕಡೆ ಕಳಿಸ್ತಾರೆ. ಒಬ್ಬರು ಮೇಷ್ಟ್ರು ಹೋದರೆ ಉಳಿದವರು ಮೂರು ಕ್ಲಾಸು ಒಟ್ಟಿಗೆ ಕೂರಿಸಿ ಪಾಠ ಮಾಡ್ತಾರೆ. ಅದನ್ನ ನೋಡಿದ ಅಪ್ಪ-ಅಮ್ಮ 'ಅಲ್ಲಿ ಮೇಷ್ಟ್ರೇ ಇಲ್ಲ ಕಣಪ್ಪ' ಅಂತ ಇನ್ನೂ ನಾಲ್ಕು ಮಕ್ಕಳನ್ನ ವ್ಯಾನ್ ಹತ್ತಿಸ್ತಾರೆ. ಎಣಿಕೆ ಮತ್ತೆ ಇಳಿಯುತ್ತೆ. ಪ್ರೋಗ್ರಾಂ ಬರೆಯೋರಿಗೆ ಇದರ ಹೆಸರು ಗೊತ್ತು, ಲೂಪು. ಹೊರಗೆ ಬರೋ ಕಂಡೀಶನ್ ಇಲ್ಲ ಅಂತಲ್ಲ, ಇದೆ. ಸೊನ್ನೆ ಬಂದಾಗ ನಿಲ್ಲುತ್ತೆ.

ಹೀಗಾಗಬಾರದು ಅಂತ ಕಾಯ್ದೆ ಬರೆದವರಿಗೂ ಗೊತ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. 6ರಿಂದ 8ನೇ ತರಗತಿಗೆ ಕ್ಲಾಸಿಗೆ ಒಬ್ಬರಂತೆ ಶಿಕ್ಷಕರು ಬೇಕು, ಅದರಲ್ಲಿ ವಿಜ್ಞಾನ-ಗಣಿತಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ಭಾಷೆಗೆ ಒಬ್ಬರು ಕನಿಷ್ಠ ಇರಬೇಕು ಅಂತ ಬರೆದಿದೆ. 'ಕನಿಷ್ಠ' ಅನ್ನೋ ಪದ ಅಲ್ಲೇ ಇದೆ. ನಮ್ಮೂರ ಶಾಲೆಯ 6 ಮತ್ತು 7ನೇ ಕ್ಲಾಸಿನಲ್ಲಿ ಒಟ್ಟು 13 ಮಕ್ಕಳಿದ್ದಾರೆ. ಅವರಿಗೆ ಗಣಿತದ ಮೇಷ್ಟ್ರು ಇಲ್ಲ, ವಿಜ್ಞಾನದ ಮೇಷ್ಟ್ರು ಇಲ್ಲ. ಇಡೀ ಶಾಲೆಗೆ ಹೆಡ್ ಮೇಡಂ, ಇನ್ನೊಬ್ಬರು ಟೀಚರು, ಒಬ್ಬ ಅತಿಥಿ ಶಿಕ್ಷಕ. ಹೆಡ್ ಮೇಡಂ ಅರ್ಧ ದಿನ ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಮೊಬೈಲಲ್ಲಿ ಆನ್‌ಲೈನ್ ಎಂಟ್ರಿ, ಮೀಟಿಂಗು. ಅತಿಥಿ ಅನ್ನೋ ಪದ ಇಟ್ಟೋರು ಯಾರೋ ಗೊತ್ತಿಲ್ಲ, ಆದರೆ ಸರಿಯಾಗೇ ಇಟ್ಟಿದ್ದಾರೆ. ಜೂನ್ ಕಳೆದ ಮೇಲೆ ಬರ್ತಾನೆ, ಪರೀಕ್ಷೆ ಮುಗಿದರೆ ಹೋಗ್ತಾನೆ.

ನನ್ನ ಜಗಳ ಇರೋದು ಮುಖ್ಯವಾಗಿ ಈ 6, 7ನೇ ಕ್ಲಾಸಿನ ವಿಷಯದಲ್ಲಿ. ನಮ್ಮಪ್ಪ ಅದನ್ನ 'ಮಿಡ್ಲ್ ಸ್ಕೂಲು' ಅಂತಿದ್ದರು. ಅವರ ಕಾಲದಲ್ಲಿ ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಇತ್ತು, ಪಾಸಾದವನಿಗೆ ಊರಲ್ಲೊಂದು ಮರ್ಯಾದೆ ಇತ್ತು. ಪರೀಕ್ಷೆ ಮತ್ತೆ ತನ್ನಿ ಅಂತ ನಾನು ಹೇಳ್ತಿಲ್ಲ. 5, 8, 9ನೇ ಕ್ಲಾಸಿನ ಬೋರ್ಡ್ ಪರೀಕ್ಷೆ ಅಂತ ಮಾಡೋಕೆ ಹೋಗಿ 2024ರಲ್ಲಿ ಸುಪ್ರೀಂ ಕೋರ್ಟ್ ಕೈಲಿ ಉಗಿಸಿಕೊಂಡಿದ್ದೂ ಆಗಿದೆ. ನಾನು ಹೇಳ್ತಿರೋದು ಬೇರೆ. ಒಂದರಿಂದ ಮೂರನೇ ಕ್ಲಾಸಿಗೆ ನಲಿ-ಕಲಿ ಇದೆ. ಒಬ್ಬರೇ ಟೀಚರ್ ಮೂರು ಕ್ಲಾಸನ್ನ ಒಟ್ಟಿಗೆ ಕೂರಿಸಿ ಕಲಿಸೋ ಪದ್ಧತಿಯೇ ಅದು, ಎಚ್.ಡಿ. ಕೋಟೆ ಕಡೆಯಿಂದ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ್ದು. ಹೈಸ್ಕೂಲಿಗೆ ಎಸ್‌ಎಸ್‌ಎಲ್‌ಸಿ ಇದೆ. ಜಿಲ್ಲೆಗೆ ಎಷ್ಟನೇ ಸ್ಥಾನ ಅಂತ ಪೇಪರಲ್ಲಿ ಬರುತ್ತೆ, ಡಿಡಿಪಿಐಗೆ ನೋಟೀಸು ಹೋಗುತ್ತೆ, ಬಿಇಒ ಓಡಾಡ್ತಾರೆ. ನಡುವಿನ 6, 7ನ್ನ ಯಾರೂ ನೋಡಲ್ಲ. ಅಲ್ಲಿ ಮಗು ಏನು ಕಲಿತು ಅಂತ ಗೊತ್ತಾಗೋದು ಹತ್ತನೇ ಕ್ಲಾಸಲ್ಲಿ, ಅಷ್ಟೊತ್ತಿಗೆ ಬೈಸಿಕೊಳ್ಳೋದು ಹೈಸ್ಕೂಲ್ ಮೇಷ್ಟ್ರು.

ಇದರ ಮೇಲೆ ಹುದ್ದೆಯ ಗೋಜಲು ಬೇರೆ. ಒಂದರಿಂದ ಏಳಕ್ಕೆ ಅಂತಲೇ ನೇಮಕ ಆಗಿದ್ದ ಸಾವಿರಾರು ಶಿಕ್ಷಕರನ್ನ 2017ರ ವೃಂದ ಮತ್ತು ನೇಮಕಾತಿ ನಿಯಮ ಒಂದರಿಂದ ಐದಕ್ಕೆ ಅಂತ ಮಾಡಿತು. ಅವರ ಬಡ್ತಿಗೆ ಕಲ್ಲು ಬಿತ್ತು, ಅವರು 2024ರ ಆಗಸ್ಟಲ್ಲಿ ಫ್ರೀಡಂ ಪಾರ್ಕಿಗೆ ಬಂದು ಕೂತರು. ಅವರ ಸಿಟ್ಟಲ್ಲಿ ನ್ಯಾಯ ಇದೆ. ಇನ್ನೊಂದು ಕಡೆ 6ರಿಂದ 8ಕ್ಕೆ ಅಂತ 15,000 ಪದವೀಧರ ಶಿಕ್ಷಕರ ಹುದ್ದೆಗೆ 2022ರಲ್ಲಿ ಪರೀಕ್ಷೆ ನಡೆಯಿತು. ಕೋರ್ಟು ಕಚೇರಿ ಎಲ್ಲ ಸುತ್ತಿ ಆಯ್ಕೆಯಾದವರ ಕೈಗೆ ಆದೇಶ ಸಿಕ್ಕಿದ್ದು 2023ರ ಕೊನೆಗೆ. ಆ ಒಂದೂವರೆ ವರ್ಷದಲ್ಲಿ ಆರನೇ ಕ್ಲಾಸಲ್ಲಿದ್ದ ಮಗು ಏಳು ಮುಗಿಸಿಕೊಂಡು ಹೊರಟಾಗಿತ್ತು. ನಮ್ಮ ಆಫೀಸಲ್ಲಿ ಒಂದು ಪೊಸಿಷನ್ ಮೂರು ತಿಂಗಳು ಖಾಲಿ ಇದ್ದರೆ ಎಸ್ಕಲೇಷನ್ ಮೇಲೆ ಎಸ್ಕಲೇಷನ್.

ಗುರುವಂದನೆ ಆದ ಮೇಲೆ ನಾನು ಒಂದು ವಾರ ಊರಲ್ಲೇ ಉಳಿದು ಅಲ್ಲಿಂದಲೇ ಕೆಲಸ ಮಾಡಿದೆ. ಬೆಳಗ್ಗೆ ನನಗೆ ಮೀಟಿಂಗ್ ಇರಲ್ಲ, ಆಚೆ ದೇಶದವರು ಮಲಗಿರ್ತಾರೆ. ಮೇಡಂ ಒಪ್ಪಿಗೆ ತಗೊಂಡು ಮೂರು ದಿನ 6, 7ನೇ ಕ್ಲಾಸಿನಲ್ಲಿ ಕೂತೆ. 847ನ್ನ 7ರಿಂದ ಭಾಗಿಸಿ ಅಂತ ಬೋರ್ಡ್ ಮೇಲೆ ಬರೆದೆ. 13 ಜನದಲ್ಲಿ ಸರಿಯಾಗಿ ಮಾಡಿದ್ದು ಐದು ಜನ. ಇಬ್ಬರಿಗೆ ಎರಡನೇ ಕ್ಲಾಸಿನ ಕನ್ನಡ ಪಾಠವನ್ನೇ ತಡವರಿಸದೆ ಓದೋಕೆ ಆಗಲಿಲ್ಲ. ಸಿಹಿ ಬಳಿದು ಹೇಳೋಕೆ ನಾನು ಬಂದಿಲ್ಲ. ನಮ್ಮೂರ ಸರ್ಕಾರಿ ಶಾಲೆಯ ಕಲಿಕೆ ಚೆನ್ನಾಗಿಲ್ಲ.

ನಮ್ಮಣ್ಣನ ಮಗಳು ಇರೋದು ಇದೇ ಆರನೇ ಕ್ಲಾಸಲ್ಲಿ. ಹೌದು, ಅವಳು ಸರ್ಕಾರಿ ಶಾಲೆ, ಅವಳ ತಮ್ಮ ಇಂಗ್ಲಿಷ್ ಮೀಡಿಯಂ. ಅವಳ ವಿಜ್ಞಾನದ ನೋಟ್ಸಲ್ಲಿ ಎಲೆಯ ಪತ್ರರಂಧ್ರದ ಚಿತ್ರ ಇತ್ತು, ಗೈಡ್ ನೋಡಿ ಬರೆದದ್ದು, ಪೆನ್ಸಿಲಲ್ಲಿ ಎಷ್ಟು ಅಂದವಾಗಿ ಶೇಡ್ ಕೊಟ್ಟಿದ್ದಳು ಅಂದ್ರೆ ಫ್ರೇಮ್ ಹಾಕಿಸಬಹುದು. 'ಇದನ್ನ ನಿಜವಾಗಿ ನೋಡಿದೀಯಾ ಪುಟ್ಟಿ?' ಅಂದೆ. 'ಇದು ನೋಡೋಕಾಗುತ್ತಾ ಚಿಕ್ಕಪ್ಪ?' ಅಂದಳು. ಮೇಡಮ್ಮನ್ನ ಕೇಳಿದರೆ ಬೀರುವಿನಿಂದ ಒಂದು ಡಬ್ಬ ತೆಗೆದರು. ಒಳಗೆ ಸೂಕ್ಷ್ಮದರ್ಶಕ, ಥರ್ಮಕೋಲ್ ಕೂಡ ಬಿಚ್ಚಿರಲಿಲ್ಲ. ಸರ್ಕಾರ ಕೊಟ್ಟಿದೆ. ಬಿಚ್ಚೋ ಮೇಷ್ಟ್ರನ್ನ ಕೊಟ್ಟಿಲ್ಲ. ಒಂದು ಎಲೆಯ ಕೆಳಗಿನ ಸಿಪ್ಪೆ ಸುಲಿದು, ನೀರಿನ ಹನಿ ಹಾಕಿ ಇಟ್ಟೆವು. 13 ಮಕ್ಕಳೂ ಸಾಲು ನಿಂತು ನೋಡಿದರು. ಒಬ್ಬ ಹುಡುಗ ಮೂರು ಸಲ ಸಾಲಿಗೆ ಬಂದ. ಅವತ್ತು ಓದೋಕೆ ಬರದ ಇಬ್ಬರಲ್ಲಿ ಅವನೂ ಒಬ್ಬ.

ಸಾಯಂಕಾಲ ವ್ಯಾನ್ ಬಂತು. ಅದರಿಂದ ಇಳಿದ 6, 7ನೇ ಕ್ಲಾಸಿನ ನಾಲ್ಕು ಹುಡುಗರಿಗೂ ಅದೇ 847 ಕೊಟ್ಟೆ. ಸರಿ ಮಾಡಿದ್ದು ಇಬ್ಬರು. ಇವರಪ್ಪಂದಿರು ಕೊಬ್ಬರಿ ಮಾರಿದ ದುಡ್ಡಲ್ಲಿ ವರ್ಷಕ್ಕೆ 35-40 ಸಾವಿರ ಕಟ್ಟಿರೋದು. ನಾಲ್ಕನೇ ಕ್ಲಾಸಿನ ನಮ್ಮ ಹುಡುಗ ಇಂಗ್ಲಿಷ್ ಪುಸ್ತಕ ತೆಗೆದು ರೈತರ ಬಗ್ಗೆ ಒಂದು ಪಾಠ ಪಟಪಟ ಓದಿದ. ನಮ್ಮವ್ವ ಹಿಗ್ಗಿ ಹೋದಳು. 'ಹಾರ್ವೆಸ್ಟ್ ಅಂದ್ರೇನು ಮಗಾ?' ಅಂದೆ. ತಲೆ ತಗ್ಗಿಸಿ, 'ಮಿಸ್ಸು ಹೇಳ್ಕೊಟ್ಟಿಲ್ಲ ಚಿಕ್ಕಪ್ಪ' ಅಂದ. ಮನೆ ಮುಂದೆ ರಾಗಿ ತೆನೆ ಒಟ್ಟಿತ್ತು. ಅವತ್ತು ಬೆಳಗ್ಗೆ ತಾನೇ ಅವರಪ್ಪ ಕೊಯ್ಲು ಮುಗಿಸಿ ಬಂದಿದ್ದ.

ಇದು ನಮ್ಮೂರೊಂದರ ಕಥೆ ಅಲ್ಲ. ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆ 2005ರಿಂದ ಹಳ್ಳಿ ಮಕ್ಕಳ ಮನೆಗೇ ಹೋಗಿ ಇದೇ ಥರ ಓದಿಸಿ, ಭಾಗಾಕಾರ ಮಾಡಿಸಿ ನೋಡ್ತಿದೆ. ಸರ್ಕಾರಿ, ಖಾಸಗಿ ಎರಡೂ ಸೇರಿಸಿದರೆ ದೇಶದ ಹಳ್ಳಿಗಳ ಎಂಟನೇ ಕ್ಲಾಸಿನ ಮಕ್ಕಳಲ್ಲಿ ಭಾಗಾಕಾರ ಬರೋದು ಅರ್ಧಕ್ಕಿಂತ ಕಮ್ಮಿ ಜನಕ್ಕೆ. ಖಾಸಗಿಯವರು ಸ್ವಲ್ಪ ಮೇಲಿರ್ತಾರೆ, ನಿಜ. ಆದರೆ ಅಲ್ಲಿಗೆ ಹೋಗೋ ಮಕ್ಕಳ ಮನೆಯಲ್ಲಿ ದುಡ್ಡಿರುತ್ತೆ, ಓದಿದ ಅಮ್ಮ ಇರ್ತಾಳೆ, ಟ್ಯೂಷನ್ ಇರುತ್ತೆ. ಅದನ್ನ ಕಳೆದು ನೋಡಿದರೆ ಉಳಿಯೋದು ಎಷ್ಟು, ಅದಕ್ಕೆ ಟೈ, ಬೂಟು, ವ್ಯಾನು ಸೇರಿಸಿ 40 ಸಾವಿರ ಕೊಡಬೇಕಾ ಅನ್ನೋದು ನನ್ನ ಪ್ರಶ್ನೆ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿ ಇದೆ. ನನಗೆ ಹೊಟ್ಟೆ ಉರಿಸೋದು ಅದು. 2018ರಲ್ಲಿ ದೇಶದ ಹಳ್ಳಿಗಳ 6ರಿಂದ 14 ವರ್ಷದ ಮಕ್ಕಳಲ್ಲಿ ಸರ್ಕಾರಿ ಶಾಲೆಯಲ್ಲಿದ್ದವರು ಶೇ 65.6. ಕೊರೊನಾ ಬಂತು, ಫೀ ಕಟ್ಟೋಕಾಗಲಿಲ್ಲ, ವ್ಯಾನು ನಿಂತವು. 2022ರಲ್ಲಿ ಅದು ಶೇ 72.9ಕ್ಕೆ ಏರಿತು. 2024ಕ್ಕೆ ಮತ್ತೆ ಶೇ 66.8. ಅಂದರೆ ಜನ ವಾಪಸ್ ಬಂದಿದ್ದರು. ಯಾರೂ ಆಂದೋಲನ ಮಾಡದೆ, ದಾಖಲಾತಿ ಜಾಥಾ ಮಾಡದೆ, ತಾವಾಗೇ ಬಂದು ಬಾಗಿಲಲ್ಲಿ ನಿಂತಿದ್ದರು. ನಮ್ಮ ಹುಡುಗನೂ ಬಂದಿದ್ದ. 2021ರ ಅಕ್ಟೋಬರ್ 25ಕ್ಕೆ ಒಂದರಿಂದ ಐದನೇ ಕ್ಲಾಸು ತೆಗೆದಾಗ ಅವನನ್ನ ಅಕ್ಕನ ಕೈ ಹಿಡಿಸಿ ಊರ ಶಾಲೆಯ ಒಂದನೇ ಕ್ಲಾಸಿಗೆ ಕಳಿಸಿದ್ದರು. ಆ ವರ್ಷ ನಮ್ಮ ಶಾಲೇಲಿ 63 ಮಕ್ಕಳು. ಸರ್ಕಾರಕ್ಕೆ ಇದಕ್ಕಿಂತ ಒಳ್ಳೆ ಕಾಲ ಇನ್ನೊಂದು ಬರ್ತಿರಲಿಲ್ಲ. ಆಗ ಒಬ್ಬ ಗಣಿತದ ಮೇಷ್ಟ್ರನ್ನ ಕೊಟ್ಟಿದ್ದರೆ, ಒಂದು ಇಂಗ್ಲಿಷ್ ಟೀಚರ್ ಕೊಟ್ಟಿದ್ದರೆ ಅರ್ಧ ಜನನಾದ್ರೂ ಉಳೀತಿದ್ದರು. ನಾನು ಹೇಳಿದ ಆ 15,000 ಹುದ್ದೆಗೆ ಆಗಿನ್ನೂ ನೇಮಕ ಆಗಿರಲಿಲ್ಲ. 2022ರ ಜೂನಿಗೆ ವ್ಯಾನು ಮತ್ತೆ ಹಾರನ್ ಹೊಡೀತು.

ಆ ಹಾರನ್ನಿಗೆ ನಮ್ಮ ಮನೆಯಿಂದ ಓಡಿ ಹೋದ ಹುಡುಗನ ಫೀ ಕಟ್ಟಿದ್ದು ನಾನು.

ಅಣ್ಣ ಫೋನ್ ಮಾಡಿ, 'ಈ ವರ್ಷ ಅಡಿಕೆ ಕೈ ಕೊಡ್ತು, ಅವನನ್ನ ಮತ್ತೆ ಕಾನ್ವೆಂಟಿಗೆ ಹಾಕ್ಬೇಕು' ಅಂದ. ನಾನು ಒಂದು ಮಾತೂ ಯೋಚನೆ ಮಾಡದೆ ಟ್ರಾನ್ಸ್‌ಫರ್ ಮಾಡಿದೆ. ತಮ್ಮನಾಗಿ ನನ್ನ ಕರ್ತವ್ಯ ಅಂದ್ಕೊಂಡೆ. ಮೂರು ವರ್ಷದಿಂದ ಕಟ್ತಾನೇ ಇದೀನಿ. ಶಾಲೆಗೆ ಬಣ್ಣಕ್ಕೆ ಅಂತ ಗ್ರೂಪಿಗೆ ಕೊಟ್ಟಿದ್ದು 10,000. ಅದೇ ಶಾಲೆಯಿಂದ ಒಂದು ಮಗುನ ಹೊರಗೆ ಕರ್ಕೊಂಡು ಹೋಗೋಕೆ ವರ್ಷಕ್ಕೆ 38,000. ಮೇಡಂ ಮಾತು ಮುಖಕ್ಕೆ ಹೊಡೆದಿದ್ದು ಇದಕ್ಕೆ. ನಮ್ಮ ಗ್ರೂಪಲ್ಲಿ ಕೇಳಿ ನೋಡಿದೆ, ಊರಲ್ಲಿರೋ ಅಣ್ಣ-ತಮ್ಮ, ಅಕ್ಕ-ತಂಗಿ ಮಕ್ಕಳ ಫೀ ಯಾರ್ಯಾರು ಕಟ್ತೀರಿ ಅಂತ. ಮೊದಲು ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ಪರ್ಸನಲ್ ಆಗಿ ಏಳು ಜನ ಮೆಸೇಜ್ ಮಾಡಿದರು. ಗುರುವಂದನೆ ಮಾಡಿದವರೇ ಶಾಲೆ ಖಾಲಿ ಮಾಡ್ತಿರೋದು. ನಮ್ಮ ಸಂಬಳ ಊರಿಗೆ ಹೋಗಿ ಮಾಡಿದ ಮೊದಲ ಕೆಲಸ ಇದು.

'ಜನಕ್ಕೆ ಇಂಗ್ಲಿಷ್ ಬೇಕು ಸ್ವಾಮಿ, ಅದಕ್ಕೆ ಹೋಗ್ತಾರೆ' ಅಂತೀರಿ. ಒಪ್ಪಿದೆ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡದಲ್ಲಿ ಓದಿ ಪಿಯುಸಿ ಸೈನ್ಸಿಗೆ ಹೋದವನು ನಾನು. ಆರು ತಿಂಗಳು ಫಿಸಿಕ್ಸ್ ಲೆಕ್ಚರರ್ ಏನು ಹೇಳ್ತಾರೆ ಅಂತಾನೇ ಗೊತ್ತಾಗ್ತಿರಲಿಲ್ಲ. ಹಾಸ್ಟೆಲಿನ ಟೆರೇಸ್ ಮೇಲೆ ಹೋಗಿ ಅತ್ತಿದ್ದೀನಿ. ಆದ್ದರಿಂದ 'ಕನ್ನಡ ಉಳಿಸೋಕೆ ಬಡವರ ಮಕ್ಕಳು ಕನ್ನಡದಲ್ಲೇ ಓದಲಿ' ಅಂತ ನವೆಂಬರ್ ಒಂದರಂದು ಸ್ಟೇಟಸ್ ಹಾಕೋ ಗೆಳೆಯರು ದಯವಿಟ್ಟು ಸ್ವಲ್ಪ ಸುಮ್ಮನಿರಿ, ನಿಮ್ಮ ಮಕ್ಕಳು ಎಲ್ಲಿ ಓದ್ತಾರೆ ಅಂತ ನನಗೆ ಗೊತ್ತು. 2014ರಲ್ಲಿ ಸುಪ್ರೀಂ ಕೋರ್ಟ್ ಮಾಧ್ಯಮದ ಆಯ್ಕೆ ಅಪ್ಪ-ಅಮ್ಮಂದು ಅಂತ ತೀರ್ಪು ಕೊಟ್ಟ ಮೇಲೆ ಆ ವಾದಕ್ಕೆ ಕಾನೂನಿನ ಬಲವೂ ಇಲ್ಲ. 2019ರಲ್ಲಿ 1,000 ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆಗೆದರಲ್ಲ, ತೆಗೆದಿದ್ದರಲ್ಲಿ ತಪ್ಪಿಲ್ಲ. ಅದೇ ಮೇಷ್ಟ್ರಿಗೆ ಕೆಲವು ದಿನ ತರಬೇತಿ ಕೊಟ್ಟು 'ಹೂಂ, ಇನ್ನು ಇಂಗ್ಲಿಷಲ್ಲಿ ಹೇಳಿ' ಅಂದಿದ್ದು ತಪ್ಪು. ಹಳ್ಳಿಯ ಖಾಸಗಿ ಶಾಲೆ ಮಾಡೋದೂ ಅದನ್ನೇ. ಅಲ್ಲಿ ಬೋರ್ಡು ಇಂಗ್ಲಿಷಲ್ಲಿರುತ್ತೆ, ಪಾಠ ಕನ್ನಡದಲ್ಲಿ ನಡೆಯುತ್ತೆ, ಬಾಯಿಪಾಠ ಇಂಗ್ಲಿಷಲ್ಲಿ.

ಆದರೆ ಇಂಗ್ಲಿಷ್ ಒಂದೇ ಕಾರಣ ಅಂದ್ರೆ ಅದು ಅರ್ಧ ಸತ್ಯ. ಉಳಿದರ್ಧ ನಮ್ಮಣ್ಣ ಹೇಳಿದ.

ಆ ವಾರ ರಾತ್ರಿ ಊಟ ಮಾಡ್ತಾ ಮಾತು ತೆಗೆದೆ. ಹುಡುಗನನ್ನ ವಾಪಸ್ ಊರ ಶಾಲೆಗೆ ಹಾಕಣ್ಣ, ಆ 38,000ದಲ್ಲಿ ಸಾಯಂಕಾಲ ಇಂಗ್ಲಿಷ್, ಲೆಕ್ಕ ಹೇಳಿಕೊಡೋಕೆ ಡಿಗ್ರಿ ಆದ ಹುಡುಗಿ ಒಬ್ಬಳನ್ನ ಇಡೋಣ, ಇವನಿಗಷ್ಟೇ ಅಲ್ಲ, ಶಾಲೆ ಮಕ್ಕಳೆಲ್ಲರಿಗೂ ಅಂದೆ. ಅಣ್ಣ ತುತ್ತು ಕೆಳಗಿಟ್ಟ. 'ನೀನು ಬೆಂಗಳೂರಲ್ಲಿ ಕೂತ್ಕಂಡು ಹೇಳ್ತೀಯ. ನಾಲ್ಕು ಜನದ ಮುಂದೆ ತಲೆ ಎತ್ಕಂಡು ಓಡಾಡ್ಬೇಕಾದೋನು ನಾನು. ಅಲ್ಲಿ ಈಗ ಯಾರ ಮಕ್ಳು ಓದ್ತಾವೆ ಅಂತ ನೋಡ್ಕಂಡು ಬಂದ್ಯಲ್ಲ?'

ನೋಡಿಕೊಂಡು ಬಂದಿದ್ದೆ. 41ರಲ್ಲಿ 29 ಕಾಲೋನಿ ಮಕ್ಕಳು. 26 ಹೆಣ್ಣುಮಕ್ಕಳು. ಜಮೀನಿದ್ದವರ ಮನೆಯಿಂದ ಬರೋ ಗಂಡುಹುಡುಗ ಒಬ್ಬನೂ ಇಲ್ಲ. ಇಂಗ್ಲಿಷಿನ ಹೆಸರಲ್ಲಿ ನಡೀತಿರೋದು ಇದು. ಹಿಂದೆ ಒಂದೇ ಜಮಖಾನದ ಮೇಲೆ ಕೂತಿದ್ದೆವು, ಅದು ತಪ್ಪಿಸೋಕೆ ಆಗ ದಾರಿ ಇರಲಿಲ್ಲ. ಈಗ ವ್ಯಾನ್ ಇದೆ. ಬಿಸಿಯೂಟದ ಅಡುಗೆಯವರು ಯಾರು ಅಂತ ನೋಡಿ ಡಬ್ಬಿ ಕಟ್ಟಿಕೊಡೋ ಕಾಲ ಹೋಗಿ, ಶಾಲೆನೇ ಬೇರೆ ಮಾಡಿಕೊಂಡಿದ್ದೀವಿ. ಸರಿ, ಹಾಗಿದ್ರೆ ಮಗಳನ್ನ ಯಾಕೆ ಅಲ್ಲೇ ಬಿಟ್ಟಿದ್ದೀಯ ಅಂತ ಕೇಳಿದೆ. ಅದಕ್ಕೆ ಉತ್ತರ ಕೊಟ್ಟಿದ್ದು ಅತ್ತಿಗೆ, ಅದೂ ಒಲೆ ಕಡೆ ತಿರುಗಿಕೊಂಡು. 'ಇಬ್ರಿಗೂ ಕಟ್ಟೋಕಾಗುತ್ತಾ? ಹೆಣ್ಣು ಮಗ, ಊರಲ್ಲೇ ಓದ್ಕಳ್ಳಿ.' ಪುಟ್ಟಿ ಅಲ್ಲೇ ಕೂತು ಊಟ ಮಾಡ್ತಿದ್ದಳು. ತಲೆ ಎತ್ತಲಿಲ್ಲ.

ಅಣ್ಣನನ್ನ ಬೈಯೋದು ಸುಲಭ. ಆದರೆ ಅವನಿಗೆ ದಾರಿ ತೋರಿಸಿದ್ದು ಸರ್ಕಾರವೇ. 2012ರಿಂದ 2018ರವರೆಗೆ ಶಿಕ್ಷಣ ಹಕ್ಕಿನ ಶೇ 25 ಸೀಟು ಅಂತ ಮಗುವಿಗೆ ಇಷ್ಟು ಅಂತ ಖಾಸಗಿ ಶಾಲೆಗೆ ದುಡ್ಡು ಕಟ್ಟಿ, ತನ್ನ ಶಾಲೆಯಿಂದ ಮಕ್ಕಳನ್ನ ತಾನೇ ಕಳಿಸಿಕೊಟ್ಟಿತು. 2019ರಲ್ಲಿ ಹತ್ತಿರ ಸರ್ಕಾರಿ ಶಾಲೆ ಇದ್ದರೆ ಆ ಸೀಟು ಇಲ್ಲ ಅಂತ ನಿಯಮ ಬದಲಿಸಿತು. ಏಳು ವರ್ಷ ಬಾಗಿಲು ತೆಗೆದಿಟ್ಟು 'ಆ ಕಡೆ ಚೆನ್ನಾಗಿದೆ, ಹೋಗಿ' ಅಂದ ಮೇಲೆ ಬಾಗಿಲು ಹಾಕಿದರೆ, ಈ ಕಡೆ ಉಳಿದೋರು ಏನಂದ್ಕೋತಾರೆ?

ಈಗ ಇನ್ನೊಂದು ಮಾತು ಕೇಳಿ ಬರ್ತಿದೆ. 41 ಮಕ್ಕಳಿಗೆ ಒಂದು ಶಾಲೆ ದಂಡ, ಹೋಬಳಿಗೊಂದು ದೊಡ್ಡ ಪಬ್ಲಿಕ್ ಶಾಲೆ ಮಾಡಿ ಎಲ್ಲರನ್ನೂ ಅಲ್ಲಿಗೆ ಸೇರಿಸೋಣ ಅಂತ. ನನ್ನಂಥ ಇಂಜಿನಿಯರ್ ತಲೆಗೆ ಇದು ಚಂದ ಕಾಣುತ್ತೆ. ಸರ್ವರ್‌ಗಳನ್ನ ಒಂದು ಕಡೆ ಸೇರಿಸಿದ ಹಾಗೆ. ನಿಜವಾಗಲೂ ಪ್ರತಿ ಮಗುವಿಗೂ ಮನೆ ಮುಂದೆ ಬಸ್ಸು, ಅಲ್ಲಿ ಪ್ರತಿ ವಿಷಯಕ್ಕೂ ಮೇಷ್ಟ್ರು ಅಂತ ಮೊದಲು ಮಾಡಿ ತೋರಿಸಿದರೆ ನಾನು ವಾದ ಬಿಡ್ತೀನಿ. ಆದರೆ ನಮ್ಮಲ್ಲಿ ಮುಚ್ಚೋ ಆದೇಶ ಮೊದಲು ಬರುತ್ತೆ, ಬಸ್ಸು ಆಮೇಲೆ. ಆರು ಕಿಲೋಮೀಟರ್ ಆಚೆ ಶಾಲೆ ಅಂದರೆ ಗಂಡುಹುಡುಗರು ಹೇಗೋ ಹೋಗ್ತಾರೆ. ಪುಟ್ಟಿಯಂಥವರಿಗೆ 'ಇಷ್ಟು ಸಾಕು ಬಿಡು' ಅನ್ನೋಕೆ ಮನೆಯಲ್ಲಿ ಒಂದು ನೆಪ ಸಿಕ್ಕಿದ ಹಾಗಾಗುತ್ತೆ.

ನಾವು ಮಾಡೋ ಕೆಲಸದಲ್ಲಿ ಒಂದು ಪದ್ಧತಿ ಇದೆ, ಡಾಗ್‌ಫುಡಿಂಗ್ ಅಂತೀವಿ. ಕಂಪನಿ ಮಾಡಿದ ಸಾಫ್ಟ್‌ವೇರನ್ನ ಮೊದಲು ಕಂಪನಿಯವರೇ ಬಳಸಬೇಕು. ಕಸ್ಟಮರ್ ಬರೆದ ಟಿಕೆಟ್ ಆರು ತಿಂಗಳು ಕೊಳೆಯುತ್ತೆ, ಡೈರೆಕ್ಟರ್ ಲ್ಯಾಪ್‌ಟಾಪ್ ಹ್ಯಾಂಗ್ ಆದರೆ ಅದೇ ರಾತ್ರಿ ಸರಿ ಆಗುತ್ತೆ. 2015ರ ಆಗಸ್ಟಲ್ಲಿ ಅಲಹಾಬಾದ್ ಹೈಕೋರ್ಟ್ ಹೇಳಿದ್ದು ಇಷ್ಟನ್ನೇ. ಸರ್ಕಾರದ ಸಂಬಳ ತಗೊಳ್ಳೋ ಅಧಿಕಾರಿಗಳು, ಜನಪ್ರತಿನಿಧಿಗಳು, ನ್ಯಾಯಾಂಗದವರೂ ಸೇರಿ, ತಮ್ಮ ಮಕ್ಕಳನ್ನ ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸುವಂತೆ ಮಾಡಿ ಅಂತ ಉತ್ತರ ಪ್ರದೇಶದ ಮುಖ್ಯ ಕಾರ್ಯದರ್ಶಿಗೆ ಆದೇಶ ಮಾಡಿತು. ಆ ಆದೇಶದ ಗತಿ ಏನಾಯ್ತು ಅಂತ ನೀವೇ ಊಹಿಸಿ.

ನಮ್ಮ ಹಳ್ಳಿಯಲ್ಲೂ ಇದೇ. ಎಸ್‌ಡಿಎಂಸಿ ಅಂತ ಇದೆ, ಶಾಲೆಯಲ್ಲಿ ಮಕ್ಕಳಿರೋ ಅಪ್ಪ-ಅಮ್ಮಂದಿರೇ ಅದರ ಸದಸ್ಯರು. ಒಳ್ಳೆ ನಿಯಮ. ಆದರೆ ಸಭೆಗೆ ಬರಬೇಕಾದರೆ ಅವರು ಒಂದು ದಿನದ ಕೂಲಿ ಬಿಡಬೇಕು. ಗಣಿತದ ಮೇಷ್ಟ್ರು ಬೇಕು ಅಂತ ಅವರು ಬರೆದ ಅರ್ಜಿ ಬಿಇಒ ಆಫೀಸಲ್ಲಿ ಎರಡು ವರ್ಷದಿಂದ ಇದೆ. ಡೇರಿ ಕಾರ್ಯದರ್ಶಿ, ಪಂಚಾಯ್ತಿ ಮೆಂಬರು, ಕಂಟ್ರಾಕ್ಟರು, ಅಂದರೆ ಒಂದು ಫೋನಿಗೆ ಕೆಲಸ ಆಗೋ ಜನ, ಅವರ ಮಕ್ಕಳೆಲ್ಲ ವ್ಯಾನಲ್ಲಿದ್ದಾರೆ. ಶಾಲೆಯಲ್ಲಿ ಮೇಷ್ಟ್ರು ಇದ್ದರೆಷ್ಟು ಬಿಟ್ಟರೆಷ್ಟು ಅವರಿಗೆ. ನಾನು ಓದ್ತಿದ್ದಾಗ ಇದೇ ಪಂಚಾಯ್ತಿಯ ಛೇರ್ಮನ್ನರ ಮಗ ನನ್ನ ಪಕ್ಕ ಕೂರ್ತಿದ್ದ. ಲೆಕ್ಕದ ಮೇಷ್ಟ್ರು ವಾರ ಬರದಿದ್ದರೆ ಛೇರ್ಮನ್ನರು ಪಂಚೆ ಎತ್ತಿ ಕಟ್ಟಿ ತಾಲ್ಲೂಕು ಆಫೀಸಿಗೆ ಹೋಗ್ತಿದ್ದರು. ಅದು ನನಗೂ ಸೇರಿ ಸಿಕ್ಕ ಮೇಷ್ಟ್ರು. ಮಗನಿಗಾಗಿ ಮಾಡಿದ್ದರು, ನನಗಾಗಿ ಅಲ್ಲ, ಆದರೆ ಆ ಮೇಷ್ಟ್ರು ಕಲಿಸಿದ ಲೆಕ್ಕದಲ್ಲೇ ನಾನು ಬಿಇ ಮಾಡಿದ್ದು.

ನನ್ನ ಮಗಳಿಗೆ ನಾಲ್ಕು ವರ್ಷ. ಬೆಂಗಳೂರಲ್ಲಿ ಓದ್ತಾಳೆ, ಎಲ್ಲಿ ಅಂತ ಹೇಳಲ್ಲ, ಎಲ್‌ಕೆಜಿ ಫೀಯಲ್ಲಿ ನಮ್ಮಣ್ಣನ ಮಗನ ಐದು ವರ್ಷ ಮುಗಿಯುತ್ತೆ. ಈ ಬರಹ ಓದಿದ ನನ್ನ ಹೆಂಡತಿ, 'ಅದನ್ನೂ ಬರೀರಿ, ಇಲ್ಲಾಂದ್ರೆ ಅಣ್ಣನ ಮನೆ ಮರ್ಯಾದೆ ಮಾತ್ರ ತೆಗೆದ ಹಾಗಾಗುತ್ತೆ' ಅಂದಳು. ಬರೆದಿದ್ದೀನಿ. ನಮ್ಮ ಬಡಾವಣೆಯ ಸರ್ಕಾರಿ ಶಾಲೆ ಒಳಗೆ ನಾನು ಇವತ್ತಿನವರೆಗೂ ಕಾಲಿಟ್ಟಿಲ್ಲ. ವೋಟ್ ಹಾಕೋಕೆ ಹೋಗಿದ್ದು ಬಿಟ್ಟರೆ.

ಹಾಗಾಗಿ ಮಕ್ಕಳನ್ನೆಲ್ಲ ಸರ್ಕಾರಿ ಶಾಲೆಗೆ ಹಾಕಿ ಅಂತ ನಿಮಗೆ ಹೇಳೋ ಯೋಗ್ಯತೆ ನನಗಿಲ್ಲ, ಹೇಳಲ್ಲ. ಕೇಳೋದು ಒಂದೇ. ಊರಿನ ಶಾಲೆಗೆ ಬಣ್ಣ ಬಳಿಯೋದು ನಿಲ್ಲಿಸಿ. ಅದೇ ಗ್ರೂಪಿನಲ್ಲಿರೋ 200 ಜನ ಸೇರಿ ಬಿಇಒ ಆಫೀಸಿಗೆ ಹೋಗಿ, 6, 7ನೇ ಕ್ಲಾಸಿಗೆ ಗಣಿತ-ವಿಜ್ಞಾನದ ಒಬ್ಬ ಖಾಯಂ ಮೇಷ್ಟ್ರು ಕೊಡಿ, ಮಕ್ಕಳು 13 ಇರಲಿ 3 ಇರಲಿ, ಮೂರು ವರ್ಷ ಎಬ್ಬಿಸಬೇಡಿ ಅಂತ ಕೇಳಿ. ಕೊಡದಿದ್ದರೆ ಆರ್‌ಟಿಐ ಹಾಕಿ, ಎಂಎಲ್ಎ ಮನೆ ಮುಂದೆ ನಿಲ್ಲಿ, ನಮ್ಮಲ್ಲಿ ವಕೀಲರೂ ಇದ್ದಾರೆ, ಪತ್ರಕರ್ತರೂ ಇದ್ದಾರೆ. ನಮ್ಮ ಗ್ರೂಪಲ್ಲಿ ಇದನ್ನ ಹಾಕಿದೆ. 'ಸೂಪರ್ ಮಗಾ' ಅಂತ 31 ಜನ. ಏಪ್ರಿಲಲ್ಲಿ ತಾಲ್ಲೂಕಿಗೆ ಬಂದವರು ನಾಲ್ಕು ಜನ. ಬಿಇಒ ಸಾಹೇಬರು ಕಾಫಿ ತರಿಸಿದರು, ಮರ್ಯಾದೆಯಾಗಿ ಮಾತಾಡಿದರು, 'ನಿಮ್ಮೂರಲ್ಲಿ ಸಂಖ್ಯೆ ಎಷ್ಟಿದೆ?' ಅಂತ ಕಂಪ್ಯೂಟರ್ ನೋಡಿದರು. ಏಳನೇ ಕ್ಲಾಸು ಮುಗಿಸಿ ಹೋದವರನ್ನ ಕಳೆದರೆ 34. 'ಜೂನಿಗೆ ನೋಡೋಣ, ದಾಖಲಾತಿ ಹೆಂಗಾಗುತ್ತೆ ಅಂತ' ಅಂದರು.

ಮೇಡಂ ಈಗ ರಜೆಯಲ್ಲೂ ಮನೆ ಮನೆ ಸುತ್ತುತ್ತಿದ್ದಾರೆ. ಒಂದನೇ ಕ್ಲಾಸಿಗೆ ಐದು ಹೆಸರು ಸಿಕ್ಕಿದೆಯಂತೆ. ನಾನು ಅಣ್ಣನಿಗೆ ಫೋನ್ ಮಾಡಿ, ವ್ಯಾನಿನ ದುಡ್ಡು ಈ ವರ್ಷ ಕೊಡಲ್ಲ, ಸಾಯಂಕಾಲದ ಟೀಚರಿಗೆ ಕೊಡ್ತೀನಿ, ಹುಡುಗ ಊರಲ್ಲೇ ಓದಲಿ ಅಂದೆ. ನನಗೇ ಹೇಳೋ ಹಕ್ಕಿದೆಯಾ ಅಂತ ಅನುಮಾನ ಇಟ್ಟುಕೊಂಡೇ ಹೇಳಿದೆ. ಅಣ್ಣ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, 'ಅವ್ವಂಗೆ ಕೊಡ್ತೀನಿ ಮಾತಾಡು' ಅಂದ. ಹತ್ತು ದಿನ ಆಯ್ತು. ಮೇ ಕೊನೆಗೆ ಶಾಲೆ ಶುರು. ನಿನ್ನೆ ಆ ಇಂಗ್ಲಿಷ್ ಶಾಲೆಯಿಂದ ನನಗೆ ಮೆಸೇಜ್ ಬಂತು, ಮೊದಲ ಕಂತು 31ರೊಳಗೆ ಕಟ್ಟಿದರೆ ಶೇ 5 ರಿಯಾಯಿತಿ ಅಂತೆ. ಅಣ್ಣನಿಂದ ಇನ್ನೂ ಫೋನಿಲ್ಲ.